ನಾನು ತೆಗೆಯದ ಪೆನ್ಸಿಲ್ ಪ್ರಿಂಟ್

2003ರ ಜೂನ್ ತಿಂಗಳ ಒಂದು ಬೆಳಿಗ್ಗೆ, ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ನಿಂತಿದ್ದ ಬೆಳ್ಳಿ ಬಣ್ಣದ ಗಾಡಿಯೊಂದನ್ನು ಪೊಲೀಸರು ವಶಕ್ಕೆ ತೆಗೆದುಕೊಂಡರು. ಗಾಡಿಯಲ್ಲಿ ಜೋಳದ ರೊಟ್ಟಿಯ ನಾಲ್ಕು ಬುಟ್ಟಿಗಳಿದ್ದವು. ಗಾಡಿಯ ಮಾಲೀಕ ಮಲ್ಲಪ್ಪನವರನ್ನು ಕದ್ದ ಮಾಲು ಇಟ್ಟುಕೊಂಡ ಆರೋಪದ ಮೇಲೆ ಠಾಣೆಗೆ ಕರೆದೊಯ್ದರು. ಅದಕ್ಕೆ ಹತ್ತು ತಿಂಗಳ ಹಿಂದೆ ಆ ಗಾಡಿಯನ್ನು ಪರಿಶೀಲಿಸಿ, ಎಲ್ಲವೂ ಸರಿಯಿದೆ ಎಂದು ಬರೆದು ಸಹಿ ಹಾಕಿದವನು ನಾನು.

ನಾನು ಮೋಟಾರು ಸರ್ವೇಯರ್ ಆಗಿದ್ದೆ. ಹಲಸೂರಿನ ನಮ್ಮ ಬೀದಿಯಲ್ಲಿ ಕೊನೆಯವರೆಗೂ ಕೆಲವರು ನನ್ನನ್ನು ಸೈಟು ಅಳೆಯುವವನೆಂದೇ ತಿಳಿದಿದ್ದರು. ಕಾಂಪೌಂಡ್ ಜಗಳ ಬಿಡಿಸಲು ಕರೆಯುತ್ತಿದ್ದರು. ನನ್ನ ಕೆಲಸ ಅದಲ್ಲ. ಅಪಘಾತವಾದ ಗಾಡಿಯ ನಷ್ಟ ಎಷ್ಟೆಂದು ವಿಮಾ ಆಫೀಸಿಗೆ ಬರೆದುಕೊಡುವುದು, ಹಳೆಯ ಗಾಡಿ ಕೊಳ್ಳುವವರಿಗೆ ಸಾಲ ಕೊಡುವ ಸಂಘಗಳಿಗೆ ಆ ಗಾಡಿಯ ಸ್ಥಿತಿ ಮತ್ತು ಬೆಲೆ ಬರೆದುಕೊಡುವುದು. ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಆಗಾಗ ಮನೆಗೆ ಬಂದು, 'ಸಾರ್, ಕಡಿಮೆ ರೇಟಿಗೆ ಒಳ್ಳೇ ಗಾಡಿ ಹೇಗೆ ಗುರುತು ಹಿಡೀಬೇಕು' ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆದಿಡುತ್ತಿದ್ದೇನೆ.

ಕೆಲಸ ಕಲಿಸಿದವರು ರಿಚರ್ಡ್ಸ್ ಟೌನಿನ ಡೇವಿಡ್ ಸಾರ್. ಆಗಲೇ ಅರವತ್ತು ದಾಟಿದ್ದ ಹಿರಿಯ ಸರ್ವೇಯರ್. ಅವರ ಖಾಕಿ ಚೀಲದಲ್ಲಿ ವೈರ್ ಬ್ರಷ್, ಸೀಮೆಎಣ್ಣೆಯ ಬಟ್ಟೆ, ಟಾರ್ಚು, ತೆಳುವಾದ ಬಿಳಿ ಕಾಗದ ಮತ್ತು ಮೆತ್ತನೆಯ ಸೀಸದ ಪೆನ್ಸಿಲ್ ಇರುತ್ತಿದ್ದವು. ಪ್ರತಿ ಗಾಡಿಯ ಉಕ್ಕಿನ ಚೌಕಟ್ಟಿನ ಮೇಲೆ ಕಾರ್ಖಾನೆಯವರು ಒಂದು ಸಂಖ್ಯೆಯನ್ನು ಒತ್ತಿರುತ್ತಾರೆ. ಅದು ಚಾಸಿ ನಂಬರು. ಅಲ್ಲಿಯ ಕೊಳೆ ತೆಗೆದು, ಕಾಗದವಿಟ್ಟು, ಪೆನ್ಸಿಲನ್ನು ಮಲಗಿಸಿ ಉಜ್ಜಿದರೆ ಸೀಸದ ಕಪ್ಪಿನ ನಡುವೆ ಅಂಕಿಗಳು ಬಿಳಿಯಾಗಿ ಏಳುತ್ತವೆ. ಅದನ್ನೇ ಪೆನ್ಸಿಲ್ ಪ್ರಿಂಟ್ ಎನ್ನುತ್ತಿದ್ದೆವು.

1992ರಲ್ಲಿ, ಕೆಲಸಕ್ಕೆ ಸೇರಿದ ಹೊಸದರಲ್ಲಿ, ಶಿವಾಜಿನಗರದ ಒಂದು ಗ್ಯಾರೇಜಿನಲ್ಲಿ ನಾನು ಟಾರ್ಚು ಹಾಕಿ ನಂಬರು ಓದಿ ಬರೆದುಕೊಂಡೆ. ಡೇವಿಡ್ ಸಾರ್ ಆ ಹಾಳೆಯನ್ನು ಹರಿದು ಜೇಬಿಗೆ ಹಾಕಿಕೊಂಡರು.

"ನಂಬರ್ ಸರಿಯಾಗೇ ಇದೆ ಸಾರ್. ಎರಡು ಸಲ ಓದಿದೀನಿ" ಎಂದೆ.

"ಓದೋದಕ್ಕೆ ನೀನ್ಯಾಕಪ್ಪಾ, ಗ್ಯಾರೇಜ್ ವಾಚ್‌ಮನ್ ಓದ್ತಾನೆ. ಪ್ರಿಂಟ್ ತಗೊಳ್ಳೋದು ನಂಬರ್‌ಗೋಸ್ಕರ ಅಲ್ಲ. ನಿನ್ ಕೈ ಅಲ್ಲಿಗೆ ಹೋಗ್ಲಿ ಅಂತ. ಕಣ್ಣಿಗೆ ಪೇಂಟ್ ಕಾಣುತ್ತೆ. ಪೇಂಟ್ ಕೆಳಗಿರೋದು ಕೈಗೆ ಮಾತ್ರ ಗೊತ್ತಾಗುತ್ತೆ. ಮಲಕ್ಕೋ ಕೆಳಗೆ."

ಮಲಗಿದೆ. ಅಂದಿನಿಂದ ಪ್ರತಿ ಗಾಡಿಗೂ ಎರಡು ಪ್ರಿಂಟ್ ತೆಗೆಯುವ ಅಭ್ಯಾಸವಾಯಿತು. ಒಂದು ವರದಿಗೆ. ಇನ್ನೊಂದನ್ನು ತಾರೀಖು ಹಾಕಿ ನನ್ನ ಸ್ವಂತ ನೋಟ್‌ಬುಕ್ಕಿನಲ್ಲಿ ಅಂಟಿಸುತ್ತಿದ್ದೆ. ಇದೂ ಡೇವಿಡ್ ಸಾರ್ ಹೇಳಿದ್ದೇ: "ಆಫೀಸ್ ಫೈಲ್ ಆಫೀಸಿಂದು. ನಿನ್ನ ನೆನಪು ನಿಂದಿರ್ಲಿ."

ಶಿವಾಜಿನಗರದಲ್ಲಿ ನನಗೆ ಎರಡನೆಯ ಗುರು ರಫೀಕ್ ಭಾಯ್. ಮೆಕ್ಯಾನಿಕ್. ಒಮ್ಮೆ ಮೂವತ್ತು ಸಾವಿರ ಕಿಲೋಮೀಟರ್ ಮಾತ್ರ ಓಡಿದ್ದ ಕಾರೊಂದನ್ನು ನೋಡಿ ನಾನು ಖುಷಿಪಟ್ಟೆ. ರಫೀಕ್ ಭಾಯ್ ಮೀಟರಿನ ಕಡೆ ತಿರುಗಿಯೂ ನೋಡಲಿಲ್ಲ. ಬಾಗಿಲು ತೆಗೆದು ಬ್ರೇಕ್ ಪೆಡಲ್ ತೋರಿಸಿದರು. ರಬ್ಬರು ಸವೆದು ಕಬ್ಬಿಣ ಹೊಳೆಯುತ್ತಿತ್ತು.

"ಮೀಟರ್ ಝೂಟ್ ಬೋಲ್ತಾ ಸಾಬ್, ಪೆಡಲ್ ನೈ ಬೋಲ್ತಾ" ಎಂದರು. ಮೀಟರು ಸುಳ್ಳು ಹೇಳುತ್ತದೆ, ಪೆಡಲ್ ಹೇಳುವುದಿಲ್ಲ ಎಂದು. ಆಮೇಲೆ ಕನ್ನಡದಲ್ಲಿ, "ಮೂವತ್ ಸಾವ್ರ ಅಂತೆ! ಡ್ರೈವರ್‌ಗೆ ಆನೆಕಾಲು ಇತ್ತಾ?"

ತಪ್ಪುಗಳನ್ನೂ ಮಾಡಿದೆ. ಮಳೆನೀರಿನಲ್ಲಿ ಮುಳುಗಿ ಎದ್ದ ಕಾರೊಂದನ್ನು ಒಳ್ಳೆಯ ಸ್ಥಿತಿಯಲ್ಲಿದೆ ಎಂದು ಬರೆದುಕೊಟ್ಟೆ. ಸೀಟಿನ ಬಟ್ಟೆ ಹೊಸದಾಗಿತ್ತು, ಒಳಗೆ ಅತ್ತರಿನ ವಾಸನೆ ಹೊಡೆಯುತ್ತಿತ್ತು. ಅತ್ತರು ಯಾಕೆ ಎಂದು ನಾನು ಕೇಳಿಕೊಳ್ಳಲಿಲ್ಲ. ಅದನ್ನು ಕೊಂಡ ಇಂದಿರಾನಗರದ ಮಹಿಳೆ ವಾರದೊಳಗೆ ಫೋನ್ ಮಾಡಿದರು. "ಏನ್ರೀ ನೀವು ಚೆಕ್ ಮಾಡಿದ್ದು? ನನ್ ಮಗಳು ಸೀಟ್ ಬೆಲ್ಟ್ ಎಳೆದ್ರೆ ಅದರ ಜೊತೆ ಎರೆಹುಳು ಬಂತು!" ಅಂದಿನಿಂದ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡದೆ ನಾನು ಯಾವ ಗಾಡಿಯನ್ನೂ ಬಿಟ್ಟಿಲ್ಲ. ನೀವೂ ಎಳೆಯಿರಿ.

ಇವು ಕೈತಪ್ಪುಗಳು, ತಿದ್ದಿಕೊಳ್ಳಬಹುದಾದವು. ಬೆಳ್ಳಿ ಬಣ್ಣದ ಗಾಡಿಯದು ಬೇರೆ.

2001ರ ಅಕ್ಟೋಬರಿನಲ್ಲಿ ಕೆ.ಆರ್.ಪುರದ ಬಳಿ, ಹಳೆ ಮದ್ರಾಸ್ ರಸ್ತೆಯಲ್ಲಿ, ಎರಡು ಲಾರಿಗಳ ನಡುವೆ ಒಂದು ಚಿಕ್ಕ ಜೀಪು ಮಾದರಿಯ ಗಾಡಿ ಸಿಕ್ಕಿಕೊಂಡಿತು. ಈಗಿನವರು ಕಾಂಪ್ಯಾಕ್ಟ್ ಎಸ್‌ಯುವಿ ಎನ್ನುವ ಜಾತಿಯದು: ಕಾರಿನಷ್ಟೇ ಉದ್ದ, ಜೀಪಿನಷ್ಟು ಎತ್ತರ. ಒಳಗಿದ್ದವರು ಬದುಕಿದರು, ಗಾಡಿ ಬದುಕಲಿಲ್ಲ. ಚಾವಣಿ ಸೀಟಿಗೆ ಬಂದು ಕೂತಿತ್ತು. ಬಲಗಡೆಯ ಮುಂದಿನ ಚಕ್ರದ ಹಿಂದೆ, ಚಾಸಿ ನಂಬರು ಇದ್ದ ಗೇಣುದ್ದದ ಜಾಗ ಮಾತ್ರ ನೆಟ್ಟಗಿತ್ತು. ಪ್ರಿಂಟ್ ತೆಗೆದೆ. ರಿಪೇರಿಗೆ ಮೀರಿದ್ದು ಎಂದು ಬರೆದೆ. ಕೊನೆಯಲ್ಲಿ ಒಂದು ಸಾಲು ಸೇರಿಸಿದೆ: ಆರ್.ಸಿ. ಪುಸ್ತಕವನ್ನು ರದ್ದು ಮಾಡಿಸತಕ್ಕದ್ದು.

ನನಗೆ ಕೆಲಸ ಕೊಡುತ್ತಿದ್ದ ವಿಮಾ ಆಫೀಸಿನ ಮ್ಯಾನೇಜರ್ ಕರೆದರು.

"ಆ ಕೊನೇ ಲೈನ್ ತೆಗೆದುಬಿಡಿ."

"ಯಾಕೆ ಸರ್?"

"ವಿತ್ ಪೇಪರ್ಸ್ ಹರಾಜು ಹಾಕಿದ್ರೆ ಎಷ್ಟು ಬರುತ್ತೆ, ಪೇಪರ್ ಇಲ್ದೆ ಹಾಕಿದ್ರೆ ಎಷ್ಟು ಬರುತ್ತೆ, ನಿಮಗೆ ಗೊತ್ತಿಲ್ವಾ?"

"ಸತ್ತ ಗಾಡಿಗೆ ಪೇಪರ್ ಯಾತಕ್ಕೆ ಸರ್?"

"ಅದನ್ನ ತಗೊಳ್ಳೋನ್ನ ಕೇಳಿ. ನನ್ನ ಟಾರ್ಗೆಟ್ ನಾನು ನೋಡ್ಕೋಬೇಕು."

ಮನುಷ್ಯ ಸತ್ತರೆ ರೇಷನ್ ಕಾರ್ಡಿನಿಂದ ಹೆಸರು ತೆಗೆಸಲು ಮನೆಯವರನ್ನು ಹತ್ತು ಸಲ ಅಲೆಸುವ ಊರಿದು. ಅಂಥ ಊರಿನಲ್ಲಿ ಸತ್ತ ಗಾಡಿಯ ಜನ್ಮಪತ್ರವನ್ನು ಬಹಿರಂಗ ಹರಾಜಿನಲ್ಲಿ ಮಾರುತ್ತಿದ್ದರು. ಗುಜರಿಗೆ ಹೋಗುವ ತಗಡಿಗೆ ತಗಡಿನ ಬೆಲೆ. ಅದರ ಆರ್.ಸಿ. ಜೊತೆಗಿದ್ದರೆ ಮೂರು ಪಟ್ಟು ಬೆಲೆ. ಆ ಹೆಚ್ಚಿನ ಎರಡು ಪಟ್ಟನ್ನು ಯಾರಾದರೂ ಏಕೆ ಕೊಡುತ್ತಾರೆ ಎಂಬುದು ಆಫೀಸಿನಲ್ಲಿ ಪ್ಯೂನಿಗೂ ತಿಳಿದಿತ್ತು. ನನಗೂ ತಿಳಿದಿತ್ತು. ನಾನು ಆ ಸಾಲು ತೆಗೆದು ವರದಿಯನ್ನು ಮತ್ತೆ ಟೈಪ್ ಮಾಡಿಸಿ ಕೊಟ್ಟೆ.

ಹರಾಜಿನಲ್ಲಿ ಅದನ್ನು ಕೊಂಡವರು ಮುನಿರಾಜು. ಕೆ.ಆರ್.ಪುರದ ಹತ್ತಿರದ ಹಳೆಯ ಹಳ್ಳಿಯೊಂದರ ಮನೆತನ. ತಾತ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಶೀಟು ಹಾಕಿಸಿ, ಹಳೆಯ ಗಾಡಿಗಳನ್ನು ಸಾಲಾಗಿ ನಿಲ್ಲಿಸಿ ಮಾರುತ್ತಿದ್ದರು. ಯಾರು ಹೋದರೂ ಮೊದಲು ಮಜ್ಜಿಗೆ ಕೊಡುತ್ತಿದ್ದರು.

2002ರ ಆಗಸ್ಟಿನಲ್ಲಿ ಶರಣಮ್ಮ ಮತ್ತು ಮಲ್ಲಪ್ಪ ದಂಪತಿ ನನ್ನ ಹತ್ತಿರ ಬಂದರು. ಸೇಡಂ ಕಡೆಯವರು. ಗಾರೆ ಕೆಲಸಕ್ಕೆ ಬಂದು ಹೊಸ ತಿಪ್ಪಸಂದ್ರದಲ್ಲಿ ಬಾಡಿಗೆ ಕೋಣೆ ಹಿಡಿದವರು. ಶರಣಮ್ಮ ಮೊದಲು ತಮ್ಮ ಕಡೆಯ ಕೂಲಿಯವರಿಗೆ ರೊಟ್ಟಿ ಬಡಿದುಕೊಡುತ್ತಿದ್ದರು. ಆಮೇಲೆ ಇಂದಿರಾನಗರದ ಊಟದ ಮನೆಗಳಿಂದ ಬೇಡಿಕೆ ಬಂತು. ಬುಟ್ಟಿ ಒಂದರ ಮೇಲೊಂದು ಇಟ್ಟರೆ ರೊಟ್ಟಿ ಮುರಿಯುತ್ತದೆ. ಎತ್ತರದ ಗಾಡಿ ಬೇಕಿತ್ತು, ಹಿಂದಿನ ಬಾಗಿಲು ಅಗಲವಾಗಿರಬೇಕಿತ್ತು. ಮುನಿರಾಜು ಅವರ ಶೆಡ್ಡಿನಲ್ಲಿ ಬೆಳ್ಳಿ ಬಣ್ಣದ ಅಂಥದೊಂದು ಇತ್ತು. ಬೆಲೆ ಎರಡು ಲಕ್ಷ ಅರವತ್ತು ಸಾವಿರ. ಸಾಲ ಕೊಡುವ ಸಹಕಾರ ಸಂಘ ಸರ್ವೇಯರ್ ವರದಿ ಕೇಳಿತ್ತು.

"ಸರ, ನಾವು ಹಿಟ್ಟು ನೋಡ್ದವ್ರು, ಕಬ್ಬಿಣ ನೋಡ್ದವ್ರಲ್ರಿ. ನೀವು ಛಲೋ ಅದ ಅಂದ್ರ ತಗೋತೀವಿ. ಇಲ್ಲಂದ್ರ ಬಿಡ್ತೀವಿ" ಎಂದರು ಶರಣಮ್ಮ.

"ರೇಟ್ ಮಾತ್ರ ಭಾಳ ಕಡಿಮಿ ಹೇಳ್ಯಾರ್ರಿ. ಅದಕ್ಕs ಜರಾ ಅಂಜಿಕಿ" ಎಂದರು ಮಲ್ಲಪ್ಪ.

ಗಾಡಿ ನೋಡಲು ಹೋದ ದಿನ ಹಲಸೂರಿನ ಛತ್ರದಲ್ಲಿ ನನ್ನ ಅಣ್ಣನ ಮಗಳ ನಿಶ್ಚಿತಾರ್ಥ. ಹನ್ನೊಂದಕ್ಕೆ ಅಲ್ಲಿರಬೇಕಿತ್ತು. ನಾನು ಹೊಸ ಬಿಳಿ ಅಂಗಿ ಹಾಕಿಕೊಂಡಿದ್ದೆ. ಹಿಂದಿನ ದಿನದ ಮಳೆಗೆ ಶೆಡ್ಡಿನ ನೆಲವೆಲ್ಲ ಕೆಸರು. ಬೆಲ್ಟು ಎಳೆದೆ, ಪೆಡಲ್ ನೋಡಿದೆ, ಬಾನೆಟ್ ಎತ್ತಿ ಎಂಜಿನ್ ನಂಬರು ಓದಿದೆ. ಎಲ್ಲವೂ ಆರ್.ಸಿ.ಗೆ ತಾಳೆಯಾಯಿತು. ಚಾಸಿ ನಂಬರಿಗಾಗಿ ಕೆಳಗೆ ಮಲಗಬೇಕಿತ್ತು.

ಮುನಿರಾಜು ಮಜ್ಜಿಗೆಯ ಲೋಟದ ಜೊತೆ ಒಂದು ಚೀಟಿ ಹಿಡಿದುಕೊಂಡು ಬಂದರು. "ಬಟ್ಟೆ ಯಾಕ್ ಸಾರ್ ಕೊಳೆ ಮಾಡ್ಕೋತೀರ? ಫಂಕ್ಷನ್‌ಗೆ ಹೊರಟಂಗಿದೆ. ಪ್ರಿಂಟ್ ಬೆಳಿಗ್ಗೆನೇ ತೆಗ್ಸಿಟ್ಟಿದೀನಿ, ನೋಡಿ, ಒಂದಂಕಿನೂ ಅಳಿಸಿಲ್ಲ."

"ರೇಟ್ ಯಾಕೆ ಇಷ್ಟು ಕಮ್ಮಿ ಹೇಳಿದೀರಿ?" ಎಂದು ಕೇಳಿದೆ.

"ಓನರು ದುಬೈಗೆ ಹೊರಟವ್ರೆ ಸಾರ್, ಅರ್ಜೆಂಟು. ಪಾಪ, ರೊಟ್ಟಿ ಮಾರೋರು, ಅವ್ರಿಗೂ ಒಂದು ಒಳ್ಳೇದಾಗ್ಲಿ ಬಿಡಿ."

ಚೀಟಿ ತೆಗೆದುಕೊಂಡೆ. ಅದನ್ನೇ ವರದಿಗೆ ಲಗತ್ತಿಸಿದೆ. ಇಂದಿನ ಮಾರುಕಟ್ಟೆ ಬೆಲೆ ಮೂರು ಲಕ್ಷ ನಲವತ್ತು ಸಾವಿರ ಎಂದು ಬರೆದೆ. ನೋಟ್‌ಬುಕ್ಕಿಗೆ ಎರಡನೆಯ ಪ್ರಿಂಟ್ ಇರಲಿಲ್ಲ. ಆ ಪುಟವನ್ನು ಖಾಲಿ ಬಿಟ್ಟೆ. ಹಳೆಯ ಪುಟಗಳನ್ನು ತಿರುವಿದ್ದರೆ ಅದೇ ನಂಬರು ಹತ್ತು ತಿಂಗಳ ಹಿಂದಿನ ಪುಟದಲ್ಲಿ ನನ್ನದೇ ಕೈಯಲ್ಲಿ ಮೂಡಿ ಕೂತದ್ದು ಕಾಣುತ್ತಿತ್ತು. ತಿರುವಲಿಲ್ಲ; ತಿಂಗಳಿಗೆ ಹತ್ತಾರು ಗಾಡಿ ನೋಡುವವನಿಗೆ ಆ ನಂಬರು ನೆನಪಿರಲಿಲ್ಲ. ಛತ್ರವನ್ನು ಹನ್ನೊಂದಕ್ಕೆ ಸರಿಯಾಗಿ ಸೇರಿದೆ. ಅಂಗಿಗೆ ಒಂದು ಕಲೆಯೂ ಆಗಲಿಲ್ಲ.

ಮುಂದಿನ ವರ್ಷ ಪೊಲೀಸರು ಒಬ್ಬ ಕಾರುಗಳ್ಳನನ್ನು ಹಿಡಿದರು. ಕದ್ದ ಗಾಡಿಗಳನ್ನು ಯಾರಿಗೆ ಒಪ್ಪಿಸಿದೆನೆಂದು ಅವನು ಹೇಳುತ್ತ ಹೋದ. ಆ ದಾರಿ ಮಾರ್ಕೆಟ್ ರಸ್ತೆಯ ರೊಟ್ಟಿ ಗಾಡಿಯವರೆಗೆ ಬಂತು. ಓನರಿಗಾಗಿ ಮಾರಿಕೊಟ್ಟೆನಷ್ಟೇ ಎಂದು ಮುನಿರಾಜು ಜಾರಿಕೊಂಡಿದ್ದರು. ಸುದ್ದಿ ತಿಳಿದು ನಾನು ಠಾಣೆಗೆ ಹೋದಾಗ ಸಬ್ ಇನ್ಸ್‌ಪೆಕ್ಟರ್ ಮೇಜಿನ ಮೇಲೆ ನನ್ನ ವರದಿಯೇ ಇತ್ತು. ಅವರು ಅದನ್ನು ತಟ್ಟುತ್ತ ಮಲ್ಲಪ್ಪನವರನ್ನು ಕೇಳುತ್ತಿದ್ದರು:

"ಸರ್ವೇಯರೇ ಬರ್ದಿದಾರಲ್ಲಯ್ಯಾ, ಮೂರು ನಲವತ್ತು ಬಾಳುತ್ತೆ ಅಂತ. ನಿಂಗೆ ಎಂಬತ್ತು ಸಾವ್ರ ಕಮ್ಮಿಗೆ ಯಾಕ್ ಕೊಟ್ಟ? ನಿನ್ ಮಾವನಾ ಅವ್ನು? ಕದ್ದ ಮಾಲು ಅಂತ ಗೊತ್ತಿದ್ದೇ ತಗೊಂಡಿದೀಯ."

ಒಳ್ಳೆಯ ಬೆಲೆಗೆ ಸಿಕ್ಕಿದ್ದೇ ಅವರ ಮೇಲಿನ ಸಾಕ್ಷಿಯಾಗಿತ್ತು. ಆ ಸಾಕ್ಷಿಯನ್ನು ಬರೆದುಕೊಟ್ಟವನು ನಾನು.

ಶರಣಮ್ಮ ಹೊರಗಿನ ಬೆಂಚಿನ ಮೇಲಿದ್ದರು. ನನ್ನನ್ನು ನೋಡಿ ಎದ್ದು ನಿಂತರು.

"ನಿಮ್ಮ ಸಹಿ ನೋಡಿ ರೊಕ್ಕ ಕೊಟ್ಟೀವ್ರಿ ಸರ. ಒಂದು ಮಾತು ಕೇಳ್ತೀನಿ. ನೀವು ಗಾಡಿ ಕೆಳಗ ಹೋಗಿ ನೋಡಿದ್ರೇನ್ರಿ?"

ನಾನು ಒಳಗೆ ಮೇಜಿನ ಮೇಲಿದ್ದ ನನ್ನ ವರದಿಯ ಕಡೆ ತಿರುಗಿದೆ.

"ಅತ್ಲಾಗ ಯಾಕ್ ನೋಡ್ತೀರಿ? ರೊಟ್ಟಿ ಹೊತ್ತೇತೋ ಇಲ್ಲೋ ಅಂತ ನಾವು ಹೊಳ್ಳಿಸಿ ನೋಡ್ತೀವಿ. ಅಂಥಾದ್ದು ನೀವು..."

ಮರುದಿನ, ಅನುಮತಿ ಪಡೆದು, ರಫೀಕ್ ಭಾಯ್ ಅವರನ್ನು ಠಾಣೆಯ ಆವರಣಕ್ಕೆ ಕರೆದುಕೊಂಡು ಹೋದೆ. ಅವರು ಗಾಡಿಯ ಕೆಳಗೆ ತೂರಿ, ಎರಡು ನಿಮಿಷವೂ ಆಗಿರಲಿಲ್ಲ, ನನ್ನ ಕೈ ಹಿಡಿದು ಎಳೆದರು. ನಂಬರಿನ ಸುತ್ತ ಹೆಬ್ಬೆರಳು ಆಡಿಸಿದೆ. ಪೇಂಟಿನ ಕೆಳಗೆ ಪುಟ್ಟಿ, ಪುಟ್ಟಿಯ ಕೆಳಗೆ ಗೇಣುದ್ದದ ಚೌಕವಾದ ವೆಲ್ಡಿಂಗಿನ ಏಣು. ಸತ್ತ ಗಾಡಿಯಿಂದ ನಂಬರಿನ ತುಂಡನ್ನು ಕತ್ತರಿಸಿ, ಅದೇ ಬಣ್ಣದ ಕದ್ದ ಗಾಡಿಗೆ ಬೆಸೆದಿದ್ದರು. ಎಂಜಿನ್ ನಂಬರನ್ನು ಅರೆದು ಹೊಸದಾಗಿ ಒತ್ತಿದ್ದರು. ಸತ್ತ ಗಾಡಿಯ ಅಸಲಿ ಆರ್.ಸಿ. ಹೇಗೂ ಜೊತೆಗಿತ್ತು. ನಮ್ಮ ಆಫೀಸೇ ಕೊಟ್ಟಿತ್ತು.

"ಇದು ಕುರುಡನಿಗೂ ಸಿಕ್ತಿತ್ತು ಸಾಬ್. ಆ ದಿನ ನಿಮ್ ಕೈಗೆ ಏನಾಗಿತ್ತು?" ಎಂದರು ರಫೀಕ್ ಭಾಯ್.

"ಬಿಳಿ ಅಂಗಿ ಹಾಕಿದ್ದೆ" ಎಂದೆ.

ಅವರು ನಗಲಿಲ್ಲ.

ಮನೆಗೆ ಬಂದು ನೋಟ್‌ಬುಕ್ ತೆಗೆದೆ. 2001ರ ಅಕ್ಟೋಬರಿನ ಪ್ರಿಂಟಿನಲ್ಲಿ ಏಳನೆಯ ಅಂಕಿಯ ಪಕ್ಕ ಒಂದು ಓರೆ ಗೀರು. ವರದಿಯ ನನ್ನ ಪ್ರತಿಯಲ್ಲಿದ್ದ, ಮುನಿರಾಜು ಕೊಟ್ಟ ಚೀಟಿಯ ನಕಲಿನಲ್ಲೂ ಅದೇ ಜಾಗದಲ್ಲಿ ಅದೇ ಗೀರು. ನಂಬರನ್ನು ಯಾರಾದರೂ ಹೊಸದಾಗಿ ಒತ್ತಬಹುದು. ಅಪಘಾತದ ಗೀರನ್ನು ಒತ್ತಲು ಬರುವುದಿಲ್ಲ. ತುಂಡು ಬಂದದ್ದು ಆಫೀಸು ಹರಾಜು ಹಾಕಿದ ಗಾಡಿಯಿಂದ, ಅದನ್ನು ಕೊಂಡದ್ದು ಮುನಿರಾಜು, ರೊಟ್ಟಿ ಮಾರುವವರಲ್ಲ ಎಂದು ಹೇಳಬಲ್ಲ, ನನ್ನ ಕೈಯಲ್ಲಿದ್ದ ಕಾಗದ ಅದೊಂದೇ. ಅದನ್ನು ಕೊಟ್ಟರೆ ಮಲ್ಲಪ್ಪ ಬಿಡುಗಡೆಯಾಗುತ್ತಾರೆ. ಕೊಟ್ಟರೆ ರೊಟ್ಟಿ ಗಾಡಿಯ ಪ್ರಿಂಟ್ ನಾನು ತೆಗೆದದ್ದಲ್ಲ ಎಂಬುದನ್ನೂ ಬರೆದುಕೊಡಬೇಕು.

ಮ್ಯಾನೇಜರಿಗೆ ತಿಳಿಸಿದೆ. ಅವರು ಎದ್ದು ಬಾಗಿಲು ಹಾಕಿದರು.

"ಹಳೇ ಫೈಲ್ ಯಾಕ್ರೀ ಕೆದಕ್ತೀರಿ?"

"ಫೈಲಲ್ಲ ಸರ್, ನನ್ನ ನೋಟ್‌ಬುಕ್ಕು."

"ಅದನ್ನ ಕಳೆದುಹೋಯ್ತು ಅನ್ನಿ. ನಿಮ್ಮ ಲೈಸೆನ್ಸ್ ಹೋಗುತ್ತೆ, ನನ್ನ ಆಫೀಸ್ ಹೆಸರು ಹೋಗುತ್ತೆ. ಯಾರೋ ರೊಟ್ಟಿಯವರಿಗೋಸ್ಕರ?"

ಆ 'ಯಾರೋ' ಎಂಬ ಪದವನ್ನು ನಾನು ಇವತ್ತಿಗೂ ಮರೆತಿಲ್ಲ. ಇಪ್ಪತ್ತು ವರ್ಷ ಪ್ರೀಮಿಯಂ ಕಟ್ಟುವವರಿಗೆ ಮಾನ್ಯರೇ ಎಂದು ಪತ್ರ ಬರೆಯುವ ಆಫೀಸು ಅದು. ತಾನು ಮಾರಿದ ಕಾಗದದಿಂದ ಠಾಣೆ ಸೇರಿದವರು ಮಾತ್ರ ಯಾರೋ. ಆದರೆ ಆ ಕೋಣೆಯಲ್ಲಿ ಸಿಟ್ಟು ಮಾಡಿಕೊಳ್ಳುವ ಹಕ್ಕು ನನಗೂ ಪೂರ್ತಿ ಇರಲಿಲ್ಲ. ಅವರು ಸಾಲು ತೆಗೆಯಿರಿ ಎಂದಾಗ ತೆಗೆದ ಕೈ ನನ್ನದು.

ಮರುದಿನ ಬೆಳಿಗ್ಗೆ ಠಾಣೆಯಲ್ಲಿ ಎರಡು ಪುಟದ ಹೇಳಿಕೆ ಬರೆದುಕೊಟ್ಟೆ. ಪ್ರಿಂಟ್ ನಾನು ತೆಗೆದದ್ದಲ್ಲ, ಗಾಡಿಯ ಕೆಳಗೆ ನಾನು ಹೋಗಲಿಲ್ಲ, ಆರ್.ಸಿ. ರದ್ದು ಮಾಡಿಸಬೇಕೆಂಬ ಸಾಲನ್ನು ಮ್ಯಾನೇಜರ್ ಹೇಳಿದ ಮೇಲೆ ತೆಗೆದೆ. ನೋಟ್‌ಬುಕ್ಕಿನ ಪುಟವನ್ನು ಒಪ್ಪಿಸಿ ರಸೀದಿ ಪಡೆದೆ. ಪೊಲೀಸರು ಆಫೀಸಿನಿಂದ ಹರಾಜು ರಿಜಿಸ್ಟರ್ ತರಿಸಿದರು. ಅದರಲ್ಲಿ ಮುನಿರಾಜು ಸಹಿ ಇತ್ತು. ಅವರನ್ನು ಬಂಧಿಸಿದರು. ಮಲ್ಲಪ್ಪನವರ ಹೆಸರನ್ನು ಆರೋಪಿಗಳ ಪಟ್ಟಿಯಿಂದ ತೆಗೆದು ಸಾಕ್ಷಿಗಳ ಪಟ್ಟಿಗೆ ಸೇರಿಸಿದರು.

ನನ್ನ ಲೈಸೆನ್ಸ್ ಒಂದು ವರ್ಷ ಅಮಾನತಾಯಿತು. ಅದು ನ್ಯಾಯ. ಆ ಆಫೀಸು ನನಗೆ ಮತ್ತೆ ಕೆಲಸ ಕೊಡಲಿಲ್ಲ. ಅದರ ಬಗ್ಗೆಯೂ ದೂರಿಲ್ಲ. ಬೇರೆ ಆಫೀಸುಗಳಿಗೆ ಕೆಲಸ ಮಾಡಿ 2008ರಲ್ಲಿ ನಿವೃತ್ತನಾದೆ. ಅಷ್ಟರಲ್ಲಿ ಡಿಜಿಟಲ್ ಕ್ಯಾಮೆರಾ ಬಂದಿತ್ತು. ಈಗ ಪ್ರಿಂಟ್ ಬೇಡ, ನಂಬರಿನ ಫೋಟೊ ಸಾಕು ಎನ್ನುತ್ತಾರೆ. ಎಷ್ಟೋ ಕಡೆ ಆ ಫೋಟೊವನ್ನು ಮಾರುವವರೇ ತೆಗೆದು ಕಳಿಸುತ್ತಾರೆ. ಹೊಸ ಹುಡುಗರು ಅದನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿ, "ಎಷ್ಟು ಕ್ಲಿಯರ್ ಇದೆ ನೋಡಿ ಸಾರ್" ಎಂದು ನನಗೆ ತೋರಿಸುತ್ತಾರೆ. ಮುನಿರಾಜು ಕೊಟ್ಟ ಚೀಟಿಯೂ ಕ್ಲಿಯರ್ ಆಗಿಯೇ ಇತ್ತು. ಕಡಿಮೆ ಬೆಲೆಗೆ ಒಳ್ಳೆಯ ಗಾಡಿ ಸಿಗುವುದಿಲ್ಲ ಎಂದು ನಾನು ಹೇಳುವುದಿಲ್ಲ. ಸಿಗುತ್ತದೆ. ಬೆಲೆ ಏಕೆ ಕಡಿಮೆ ಎಂಬುದಕ್ಕೆ ಉತ್ತರ ಗಾಡಿಯ ಕೆಳಗಿರುತ್ತದೆ, ಮಾರುವವರ ಬಾಯಲ್ಲಿ ಇರುವುದಿಲ್ಲ. ಅಂಗಿಯ ಕಲೆ ಒಗೆದರೆ ಹೋಗುತ್ತದೆ.

ಇನ್ನುಳಿದದ್ದು ಗಾಡಿಯ ವಿಷಯ. ಕಳುವಾದ ದಿನ ಅದಕ್ಕೆ ವಿಮೆ ಇದ್ದದ್ದು ಅದೇ ಆಫೀಸಿನಲ್ಲಿ. ಮೊದಲ ಮಾಲೀಕರಿಗೆ ಪರಿಹಾರ ಕೊಟ್ಟಾಗಿತ್ತು. ಹಾಗಾಗಿ ಸಿಕ್ಕಿದ ಗಾಡಿ ಕಾನೂನಿನ ಪ್ರಕಾರ ಆಫೀಸಿನದು. ಎರಡೂವರೆ ವರ್ಷ ಠಾಣೆಯ ಆವರಣದಲ್ಲಿ ಬಿಸಿಲಿಗೆ ನಿಂತ ಮೇಲೆ ನ್ಯಾಯಾಲಯ ಅದನ್ನು ಆಫೀಸಿಗೆ ಒಪ್ಪಿಸಿತು. 2006ರ ಫೆಬ್ರುವರಿಯಲ್ಲಿ ಆಫೀಸು ಅದನ್ನು ಹರಾಜಿಗೆ ಇಟ್ಟಿತು.

ಶರಣಮ್ಮ ಹರಾಜಿನ ಚೀಟಿ ಹಿಡಿದುಕೊಂಡು ನಮ್ಮ ಮನೆಗೆ ಬಂದರು. "ನಮ್ಮ ಗಾಡಿ ನಾವs ಎರಡನೇ ಸಲ ಕೊಳ್ಳಬೇಕೇನ್ರಿ ಸರ? ಹಂಗಿದ್ರ ಹಂಗs ಆಗ್ಲಿ. ಈ ಸಲ ನೀವು ಕೆಳಗ ಹೋಗಿ ನೋಡ್ರಿ."

ಹೋಗಿ ನೋಡಿದೆ. ಪ್ರಿಂಟ್ ತೆಗೆದೆ. ಅವರು ತಮ್ಮ ಕೈಲಾದ ಬೆಲೆಯನ್ನು ಲಕೋಟೆಯಲ್ಲಿ ಹಾಕಿದರು. ಲಕೋಟೆಗಳನ್ನು ತೆರೆದಾಗ ಅದಕ್ಕಿಂತ ಹೆಚ್ಚಿಗೆ ಬರೆದವರು ಒಬ್ಬರಿದ್ದರು. ಮುನಿರಾಜು ಅವರ ಬಾಮೈದ; ಮುನಿರಾಜು ಆಗ ಜಾಮೀನಿನ ಮೇಲೆ ಹೊರಗಿದ್ದರು. ನೋಟಿಸ್ ಬೋರ್ಡಿನಲ್ಲಿ ಬಾಮೈದನ ಹೆಸರಿನ ಮುಂದೆ ಟೈಪ್ ಮಾಡಿತ್ತು: ದಾಖಲೆಗಳ ಸಮೇತ.

ಇದನ್ನು ಬರೆಯುತ್ತಿರುವ 2009ರ ಡಿಸೆಂಬರಿನಲ್ಲೂ ಮುನಿರಾಜು ಮೇಲಿನ ಪ್ರಕರಣ ವಿಚಾರಣೆಯ ಹಂತದಲ್ಲಿದೆ. ಸಹಕಾರ ಸಂಘದ ಸಾಲದ ಕೊನೆಯ ಕಂತನ್ನು ಶರಣಮ್ಮ 2007ರ ಆಗಸ್ಟಿನಲ್ಲಿ ಕಟ್ಟಿ ಮುಗಿಸಿದರು. ಹೊಸ ತಿಪ್ಪಸಂದ್ರದಿಂದ ಇಂದಿರಾನಗರಕ್ಕೆ ರೊಟ್ಟಿ ಬಾಡಿಗೆ ಆಟೋದಲ್ಲಿ ಹೋಗುತ್ತಿದೆ, ಒಂದು ಸಲಕ್ಕೆ ಎರಡು ಬುಟ್ಟಿ.